ಹೊಳೆ ದಾಟಿ ನೆಂಟರ ಮನೆಗೆ

ವೈಶಾಖ ಮಾಸದ ಉರಿಬಿಸಿಲಿನಲ್ಲಿ, ಮೈಸೂರಿನ ಹೊಂಗೆಯ ನೆರಳನ್ನೂ ಸಂಜೆಯ ತಂಗಾಳಿಯನ್ನೂ ಬಿಟ್ಟು, ಹಗಲಿರುಳೂ ಬೆವರು ಆರದ ಕರಾವಳಿಯ ಕಡೆಗೆ ಸ್ವಂತ ಇಚ್ಛೆಯಿಂದ ಹೊರಡುವ ವೃದ್ಧ ದಂಪತಿಗಳನ್ನು ಕಂಡರೆ, ಇವರಿಗೆ ಬುದ್ಧಿ ಹೇಳುವ ಹಿರಿಯರು ಯಾರೂ ಉಳಿದಿಲ್ಲವೇ ಎಂದು ನೆರೆಹೊರೆಯವರು ಮರುಗುವುದು ಸಹಜವೇ. ಆ ಮರುಕಕ್ಕೆ ಆಧಾರವಿಲ್ಲದಿಲ್ಲ. ಬಿಸಿಲಿಗೆ ಮರದ ನೆರಳುಂಟು, ಕೊಡೆಯುಂಟು. ಸೆಖೆಗೆ ಇವೆರಡರಲ್ಲಿ ಒಂದೂ ಪ್ರತೀಕಾರವಲ್ಲ. ಆದರೂ ಪಶ್ಚಿಮ ಸಮುದ್ರದ ತಡಿಯಲ್ಲಿ ನಂಟಸ್ತಿಕೆಯುಳ್ಳವರಿಗೆ ಈ ಕಾಲವನ್ನು ಬಿಟ್ಟರೆ ಬೇರೆ ಕಾಲವಿಲ್ಲ. ಜೂನ್ ತಿಂಗಳ ಮೊದಲ ವಾರದಲ್ಲಿ ಮುಂಗಾರು ಇಳಿಯಿತೆಂದರೆ ಕಡಲು ಕೆರಳುತ್ತದೆ, ಘಟ್ಟದ ದಾರಿಗಳನ್ನು ನೆಚ್ಚುವಂತಿಲ್ಲ. ಅದಕ್ಕೂ ಮುನ್ನ, ತುಳುವರ ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ 24ರ ಸುಮಾರಿಗೆ, ದೈವಗಳ ಕೋಲಕ್ಕೂ ದೇವರ ಉತ್ಸವಗಳಿಗೂ ಯಕ್ಷಗಾನ ಮೇಳಗಳ ತಿರುಗಾಟಕ್ಕೂ ಮಂಗಳ ಹಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರೀಕೃತ ದೋಣಿಗಳು ಮೀನಿಗೆ ಇಳಿಯುವಂತಿಲ್ಲ. ಆದ್ದರಿಂದ ನೋಡಬೇಕಾದ್ದನ್ನು ನೋಡಿ, ಮಾತಾಡಿಸಬೇಕಾದವರನ್ನು ಮಾತಾಡಿಸಿ ಮುಗಿಸುವುದಕ್ಕೆ ಮೇ ತಿಂಗಳೇ ಕಡೆಯ ಗಡುವು.

ಗಡುವು ಹಳೆಯದು, ಹೊಸದಾಗಿರುವುದು ಪ್ರಯಾಣಿಕರ ವಯಸ್ಸು. ನಮ್ಮ ಬಾಲ್ಯದಲ್ಲಿ ಪರೀಕ್ಷೆ ಮುಗಿದ ಮರುದಿನವೇ ಮಕ್ಕಳ ದಂಡು ಅಜ್ಜಿಮನೆಗೆ ಹೊರಡುತ್ತಿತ್ತು; ಹಿರಿಯರು ಮನೆಯಲ್ಲಿದ್ದು ಕಾಯುತ್ತಿದ್ದರು, ಕಿರಿಯರು ದಾರಿ ನಡೆಯುತ್ತಿದ್ದರು. ಈಗಿನ ಮಕ್ಕಳಿಗೆ ಬೇಸಗೆ ಶಿಬಿರಗಳುಂಟು, ಬರುವ ವರ್ಷದ ಪಾಠವನ್ನು ಈ ವರ್ಷವೇ ಹೇಳಿ ಮುಗಿಸುವ ಕೋಚಿಂಗ್ ತರಗತಿಗಳುಂಟು. ಅವರ ತಾಯಿತಂದೆಗಳಿಗಂತೂ ರಜೆಯೆಂಬುದು ಬಹಳ ತಪಸ್ಸಿನಿಂದ ಪಡೆಯಬೇಕಾದ ವರ. ಅಜ್ಜಿಮನೆಗೆ ಯಾರೂ ಬಾರದೆ ಹೋದಾಗ ಅಜ್ಜ ಅಜ್ಜಿಯರು ಮಾಡಬಹುದಾದದ್ದು ಎರಡೇ: ಜಗಲಿಯಲ್ಲಿ ಕುಳಿತು ನಿಟ್ಟುಸಿರಿಡುವುದು, ಇಲ್ಲವೆ ತಾವೇ ಚೀಲ ಕಟ್ಟುವುದು. ನಿವೃತ್ತಿಯಾದ ಮೇಲೆ ನಾವು ಎರಡನೆಯದನ್ನು ಆರಿಸಿಕೊಂಡೆವು.

ಕರಾವಳಿಯ ಕುಟುಂಬಗಳು ಚದುರಿದ ಬಗೆಯನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ. ನಡುವೆ ಹೊಳೆಗಳು ಅಡ್ಡಡ್ಡವಾಗಿ ಸೀಳಿದ, ಸುಮಾರು 320 ಕಿಲೋಮೀಟರ್ ಉದ್ದದ ಕಿರಿದಾದ ನೆಲ. ಹುಟ್ಟಿದ ಮಕ್ಕಳನ್ನೆಲ್ಲ ಆ ನೆಲ ಸಾಕಲಾರದೆ ಹೋದಾಗ ಒಬ್ಬ ಮಗ ಹೋಟೆಲಿನ ಕೆಲಸಕ್ಕೆಂದು ಮುಂಬಯಿಗೋ ಮದರಾಸಿಗೋ ಹೋದ. ಇನ್ನೊಬ್ಬ ಬ್ಯಾಂಕಿನ ಗುಮಾಸ್ತನಾಗಿ ಘಟ್ಟ ಹತ್ತಿದ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟು, 1931ರಲ್ಲಿ ವಿಜಯಾ ಬ್ಯಾಂಕು, ಹೀಗೆ ಅಂದಿನ ಒಂದೇ ಜಿಲ್ಲೆ ಕಾಲು ಶತಮಾನದಲ್ಲಿ ಹೆತ್ತ ಬ್ಯಾಂಕುಗಳಲ್ಲಿ ಮೂರರ ಹೆಸರು 2019 ಮತ್ತು 2020ರ ವಿಲೀನಗಳಲ್ಲಿ ಅಳಿಸಿಹೋದವು. ಅವು ಊರೂರಿಗೆ ವರ್ಗಮಾಡಿ ಚೆಲ್ಲಿದ ಸಂಸಾರಗಳು ಮಾತ್ರ ಚೆಲ್ಲಿದಲ್ಲೇ ಬೇರು ಬಿಟ್ಟುವು. ಕೋಟದಲ್ಲಿ ಹುಟ್ಟಿ ಮೈಸೂರಿನಲ್ಲಿ ಪಿಂಚಣಿ ತಿನ್ನುತ್ತಿರುವ ನಾನು ಅಂಥ ಸಂಸಾರಿಗಳಲ್ಲಿ ಒಬ್ಬ.

ಕೆಂಪು ಬಸ್ಸಿನಲ್ಲಿ

ಹುಣಸೂರು, ಕುಶಾಲನಗರ, ಮಡಿಕೇರಿಗಳ ಮಾರ್ಗವಾಗಿ ಸಂಪಾಜೆಯ ಘಟ್ಟವನ್ನಿಳಿದು, ಸುಳ್ಯ ಪುತ್ತೂರುಗಳನ್ನು ಹಾದು ಮಂಗಳೂರನ್ನು ಸೇರುವ ಕೆಂಪು ಬಸ್ಸಿನಲ್ಲಿ ನಾವು ಹೊರಟೆವು. ಅರುವತ್ತು ದಾಟಿದ ನನಗೆ ಟಿಕೆಟ್ಟಿನಲ್ಲಿ ನೂರಕ್ಕೆ 25ರ ರಿಯಾಯಿತಿ. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯ ಕೃಪೆಯಿಂದ ನನ್ನ ಮನೆಯಾಕೆಗೆ ಶೂನ್ಯ ಮೊತ್ತದ ಟಿಕೆಟ್ಟು. ಹಣ ಕೊಟ್ಟವನು ಕಿಟಕಿಯ ಪಕ್ಕದಲ್ಲಿ ಕೂರಬೇಕೆಂಬ ನನ್ನ ನ್ಯಾಯವಾದ ವಾದವನ್ನು ಆಕೆ ಆಧಾರ್ ಕಾರ್ಡನ್ನು ಮಡಿಸಿಟ್ಟುಕೊಳ್ಳುತ್ತಲೇ ತಳ್ಳಿಹಾಕಿದಳು. ಆದರೆ ಮಂಗಳೂರಿನಲ್ಲಿಳಿದ ಕ್ಷಣಕ್ಕೆ ಆ ವೈಭವ ಅಳಿಯಿತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಸಂಸ್ಥೆ ಹುಟ್ಟಿದ ಕಾಲದಿಂದಲೂ ದಕ್ಷಿಣ ಕನ್ನಡ, ಉಡುಪಿಗಳ ರಸ್ತೆಗಳನ್ನು ಬಹುಮಟ್ಟಿಗೆ ಆಳುತ್ತ ಬಂದಿರುವವು ಖಾಸಗಿ ಬಸ್ಸುಗಳು. ಅಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ದರ. ಬೈಂದೂರಿನಾಚೆ ಉತ್ತರ ಕನ್ನಡವನ್ನು ಹೊಕ್ಕ ಮೇಲೆ ಪುನಃ ಸರಕಾರಿ ಬಸ್ಸು, ಪುನಃ ಶೂನ್ಯ. ಹೀಗೆ ಜಿಲ್ಲೆಗಳ ಗಡಿಯನ್ನು ನಾವು ನಕಾಶೆಯಿಲ್ಲದೆಯೇ, ನನ್ನ ಮನೆಯಾಕೆಯ ಮುಖಭಾವದಿಂದ ಅರಿತುಕೊಳ್ಳುತ್ತ ಹೋದೆವು.

ನಾದಿನಿಯ ಮನೆ ನೇತ್ರಾವತಿಯ ಆಚೆಗೆ, ಉಳ್ಳಾಲದ ಕಡೆ. ಅಂಗಳಕ್ಕೆ ಕಾಲಿಟ್ಟೊಡನೆ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ತಂಬಿಗೆಯಲ್ಲಿ ಬಾವಿಯ ನೀರು ತಂದಿಟ್ಟು, "ಮೊದಲು ದಣಿವಾರಿಸಿಕೊಳ್ಳಿ ಭಾವ, ಮಾತು ಆಮೇಲೆ" ಎಂದಳು. ಆ ಮೇಲಿನ ಮಾತು ಪುನರ್ಪುಳಿಯ ಶರಬತ್ತು, ಹಲಸಿನ ಹಣ್ಣಿನ ಗಟ್ಟಿ, ಅಂಗಳದ ಚಾಪೆಯ ಮೇಲೆ ಒಣಗುತ್ತಿದ್ದ ಹಪ್ಪಳಗಳ ಕಾವಲು, ಇವುಗಳ ನಡುವೆ ಇರುಳಿನವರೆಗೆ ನಡೆಯಿತು. ನನ್ನ ಷಡ್ಡಕರಿಗೆ ಹಳೆಯ ವಸ್ತುಗಳಲ್ಲಿ ಮೋಹ ವಿಶೇಷ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಈ ಕರಾವಳಿಯ ಮಾಡುಗಳು ಹುಲ್ಲಿನಿಂದ ಹಂಚಿಗೆ ಬದಲಾದ ವೃತ್ತಾಂತವನ್ನು ಅವರು ಅಟ್ಟಕ್ಕೆ ಏಣಿಯಿಟ್ಟು, ಹಂಚಿನ ಮೈಮೇಲೆ ಅಚ್ಚೊತ್ತಿದ ಅಕ್ಷರಗಳಿಗೆ ಟಾರ್ಚು ಹಿಡಿದು ನಿರೂಪಿಸಿದರು.

ಮರುದಿನ ಸಂಜೆ ಅವರೇ ನಮ್ಮನ್ನು ಕಡಲ ತಡಿಗೆ ಕರೆದೊಯ್ದರು. ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಉಳ್ಳಾಲದಲ್ಲಿ ಈಗ ಸಮುದ್ರವನ್ನೇ ಎದುರಿಸಬೇಕಾದ ಸ್ಥಿತಿಯೊದಗಿದೆ. ಪ್ರತಿ ಮಳೆಗಾಲದಲ್ಲಿಯೂ ಅಲೆಗಳು ದಂಡೆಯನ್ನು ಕೊರೆಯುತ್ತವೆ; ತೀರದುದ್ದಕ್ಕೂ ಲಾರಿಗಟ್ಟಲೆ ಬಂಡೆಗಳನ್ನು ಸುರಿದು ತಡೆಗೋಡೆ ಕಟ್ಟಿದ್ದಾರೆ; ಕೆಲವೆಡೆ ತೆಂಗಿನ ಮರಗಳ ಬೇರು ಗಾಳಿಯಲ್ಲಿದೆ. ಷಡ್ಡಕರು ಬಂಡೆಗಳ ಮೇಲೆ ನಿಂತು, ನೊರೆಯಾಡುತ್ತಿದ್ದ ನೀರಿನತ್ತ ಕೈತೋರಿ, "ಅಗೋ ಅಲ್ಲಿ, ನಾವು ಹುಡುಗರಾಗಿದ್ದಾಗ ವಾಲಿಬಾಲ್ ಆಡುತ್ತಿದ್ದದ್ದು" ಎಂದರು. ಪ್ರವಾಸಿಯಾಗಿ ಬಂದಿದ್ದರೆ ನಾನು ಕಾಣುತ್ತಿದ್ದದ್ದು ಸೂರ್ಯಾಸ್ತವನ್ನು. ನೆಂಟನಾಗಿ ಬಂದದ್ದರಿಂದ ನೀರಿನಡಿಯಲ್ಲಿದ್ದ ಆಟದ ಬಯಲೊಂದನ್ನು ಕಂಡೆ.

ಸುಲ್ತಾನ್ ಬತ್ತೇರಿಯಲ್ಲಿ, ಟಿಪ್ಪುವಿನ ಕಾಲದ ಕರಿಗಲ್ಲಿನ ಬುರುಜಿನ ಬಳಿಯಿಂದ, ಗುರುಪುರ ಹೊಳೆಯನ್ನು ದೋಣಿಯಲ್ಲಿ ದಾಟಿ ತಣ್ಣೀರುಬಾವಿಯ ತೀರಕ್ಕೆ ಹೋದದ್ದೂ ಈ ದಿನಗಳಲ್ಲಿಯೇ. ಆ ದಾಟು ಕೆಲವೇ ನಿಮಿಷಗಳದು. ಆದರೆ ಸೈಕಲ್ಲು, ಮೀನಿನ ಬುಟ್ಟಿ, ಶಾಲೆಯ ಚೀಲ, ಎಲ್ಲವೂ ಒಂದೇ ದೋಣಿಯಲ್ಲಿ ಕೂಡಿ ಹೊಳೆ ದಾಟುವ ಆ ಪದ್ಧತಿಯನ್ನು ಕಂಡಾಗ, ಒಂದಾನೊಂದು ಕಾಲದಲ್ಲಿ ಈ ಕರಾವಳಿಯ ಪ್ರಯಾಣವೆಲ್ಲ ಹೀಗೆಯೇ ಇತ್ತಲ್ಲವೇ ಎಂಬ ಯೋಚನೆ ಬಂದಿತು. ಅದಕ್ಕೆ ಉತ್ತರ ದೊರೆತದ್ದು ಕೋಟದಲ್ಲಿ.

ಕೋಟದ ಅತ್ತೆ

ಉಡುಪಿಯ ದಾರಿಯಲ್ಲಿ ಕಾಪುವಿನಲ್ಲಿಳಿದೆವು. ಬಂಡೆಯ ನೆತ್ತಿಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಅದರ ಒಳಗಿನ ಸುತ್ತುಮೆಟ್ಟಿಲುಗಳನ್ನು ಕಂಡೊಡನೆ ನಮ್ಮ ಮೊಣಕಾಲುಗಳು ಏಕಾಭಿಪ್ರಾಯಕ್ಕೆ ಬಂದವು. ಕೆಳಗಿನ ಬಂಡೆಯ ಮೇಲೆಯೇ ಕುಳಿತು ಗಾಳಿಯುಂಡೆವು. ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ನಿಂತು ಕೃಷ್ಣನಿಗೆ ಕೈಮುಗಿದ ಮೇಲೆ, ಅತ್ತೆಯ ಮೊಮ್ಮಗ ಬಂದು ನಮ್ಮನ್ನು ಮಲ್ಪೆಗೆ ಕರೆದೊಯ್ದ. ಮಣಿಪಾಲದಲ್ಲಿ ಓದುತ್ತಿರುವ ಆ ಹುಡುಗನಿಗೆ, ಮಳೆ ಬಂದು ದೋಣಿಗಳು ನಿಲ್ಲುವ ಮೊದಲು ಸೇಂಟ್ ಮೇರಿ ದ್ವೀಪವನ್ನು ಈ ಮುದುಕರಿಗೆ ತೋರಿಸಿಬಿಡಬೇಕೆಂಬ ಹಟ.

ಆ ದ್ವೀಪದ ಕಲ್ಲುಗಳನ್ನು ಕುರಿತು ಎರಡು ಮಾತು ಹೇಳದಿರಲಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದ ಭೂಭಾಗದಿಂದ ಕಳಚಿಕೊಂಡು ದೂರವಾದ ಕಾಲದಲ್ಲಿ, ಭೂಗರ್ಭದಿಂದ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಕುಗ್ಗುತ್ತ ಬಿರಿದು, ಬಿರಿದಲ್ಲೆಲ್ಲ ಬಹುಮುಖದ ಕಂಬಗಳಾಗಿ ನಿಂತಿತು. ಐದು ಮೂಲೆಯವು, ಆರು ಮೂಲೆಯವು, ಏಳು ಮೂಲೆಯವು. ಶಿಲ್ಪಿಯ ಉಳಿ ಸೋಕದೆಯೂ ಅಳತೆ ತಪ್ಪದ ಸ್ತಂಭಗಳು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂಬ ಪ್ರತೀತಿಯಿದೆ. ಹುಡುಗ ಉತ್ಸಾಹದಿಂದ ಇದನ್ನೆಲ್ಲ ವಿವರಿಸುತ್ತಿದ್ದಾಗ, ಒಂದೇ ನೆಲವಾಗಿದ್ದದ್ದು ಎರಡಾಗಿ, ನಡುವೆ ಸಮುದ್ರ ತುಂಬಿ, ಆ ಅಗಲಿಕೆಯ ಗುರುತು ಈ ಕಂಬಗಳಲ್ಲಿ ಉಳಿದಿದೆಯೆಂಬುದು ನನ್ನ ಮನಸ್ಸನ್ನು ಹಿಡಿಯಿತು. ನನ್ನ ಮನೆಯಾಕೆ ಮಾತ್ರ ಮರಳಿನಲ್ಲಿ ಚಿಪ್ಪು ಆರಿಸುತ್ತ ಮುಂದೆ ಸಾಗಿದ್ದಳು.

ಸೋದರತ್ತೆಗೆ ಎಂಬತ್ತು ಮೀರಿದೆ. ಸಾಲಿಗ್ರಾಮದ ಗುರುನರಸಿಂಹನ ಸನ್ನಿಧಿಗೆ ಹೋಗಿಬರುವ ದೂರದಲ್ಲಿರುವ ಹಳೆಯ ಮನೆಯ ಚಾವಡಿಯಲ್ಲಿ ಆಕೆ ನಮ್ಮನ್ನು ಎದುರುಗೊಂಡಳು. ಮೈಸೂರಿನಿಂದ ಒಯ್ದ ವೀಳ್ಯದೆಲೆಯ ಕಟ್ಟನ್ನು ಮೂಸಿ ನೋಡಿ, ಮೆಚ್ಚಿ, ಅಡಕೆಯ ಪೆಟ್ಟಿಗೆಯ ಪಕ್ಕದಲ್ಲಿಟ್ಟುಕೊಂಡಳು. ದ್ವೀಪ ನೋಡಿ ಬಂದೆವೆಂದು ನಾನು ಹೇಳಿದಾಗ, "ಕಡ್ಲ್ ಎಂತ ಕಾಂಬುದ್ ಮಗಾ? ಅದ್ ಎಲ್ಲಿಗ್ ಹೋತ್?" ಎಂದು ನಕ್ಕಳು. ಆಯುಷ್ಯವೆಲ್ಲ ಅಲೆಯ ಮೊರೆತ ಕೇಳುವಷ್ಟು ಹತ್ತಿರದಲ್ಲಿ ಬಾಳಿದ ಆಕೆ ಆ ದ್ವೀಪಕ್ಕೆ ಒಮ್ಮೆಯೂ ಹೋದವಳಲ್ಲ. ಉಳ್ಳಾಲದಲ್ಲಿ ಕಂಡದ್ದನ್ನು ಆಕೆಗೆ ಹೇಳಬೇಕೆನ್ನಿಸಿತು. ದಂಡೆ ಸರಿಯುತ್ತಿದೆಯಾದರೂ ಕಡಲು ಅಲ್ಲಿಯೇ ಇದೆಯೆಂದು ವಾದವನ್ನು ಗೆಲ್ಲುವವಳು ಅತ್ತೆಯೇ ಎಂದು ತಿಳಿದು ಸುಮ್ಮನಾದೆ.

ಶಿವರಾಮ ಕಾರಂತರು ಹುಟ್ಟಿದ್ದು ಈ ಕೋಟದಲ್ಲಿಯೇ, 1902ರಲ್ಲಿ. ಇಲ್ಲಿನ ಹಿರಿಯ ಹೆಂಗಸರ ಬಾಳಿನ ಒಳಗನ್ನು ಅವರು ಕನ್ನಡಿಗರಿಗೆಲ್ಲ ಪರಿಚಯ ಮಾಡಿಸಿದ್ದಾರಾದ್ದರಿಂದ, ನಾನು ಅತ್ತೆಯನ್ನು ವರ್ಣಿಸಹೊರಡುವುದು ಅಧಿಕಪ್ರಸಂಗವಾದೀತು. ಆಕೆಯ ನೆನಪಿನ ಒಂದು ಎಳೆಯನ್ನಷ್ಟೇ ಇಲ್ಲಿ ಹಿಡಿಯುತ್ತೇನೆ. ಆಕೆಯ ನೆನಪುಗಳಿಗೆಲ್ಲ ಹೊಳೆಯೇ ಮೈಲಿಗಲ್ಲು. ಕುಂದಾಪುರದ ಬಳಿ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯೆನಿಸಿ ಕಡಲು ಸೇರುತ್ತವೆ; ಆಚೆಯ ದಡದಲ್ಲಿ ಗಂಗೊಳ್ಳಿ. ಆ ಕಡೆಯ ಊರಿಗೆ ಮದುವೆಯಾಗಿ ಹೋದ ಅಕ್ಕನ ದಿಬ್ಬಣ ದೋಣಿಯಲ್ಲಿ ಹೋದದ್ದು, ವರನ ಕಡೆಯ ಹಿರಿಯರೊಬ್ಬರ ಜರಿ ಪೇಟ ನೀರಿಗೆ ಬಿದ್ದದ್ದು, ಆಷಾಢಕ್ಕೆ ತವರಿಗೆ ಕರೆತರಬೇಕಾದ ಹೊಸ ಮದುಮಗಳನ್ನು ಹೊಳೆಯಲ್ಲಿ ನೆರೆ ಬರುತ್ತದೆಂದು ಜ್ಯೇಷ್ಠದಲ್ಲೇ ಕರೆತಂದದ್ದು, ಹೀಗೆ ಒಂದೊಂದು ಕಡವಿಗೂ ಒಂದೊಂದು ಕಥೆ. ಅಷ್ಟು ಕಷ್ಟಪಟ್ಟು ಬರುತ್ತಿದ್ದವರು ಬಂದ ಮೇಲೆ ವಾರಗಟ್ಟಲೆ ಉಳಿಯುತ್ತಿದ್ದರು. ಬಂದ ದಾರಿಯ ಬೆಲೆ ಉಳಿದ ದಿನಗಳಿಂದ ತೀರಬೇಕಷ್ಟೆ.

"ಆಗ ಹೊಳಿ ಇತ್ತ್, ಜನ ಬತ್ತಿದ್ರ್. ಈಗ ಸಂಕ ಇತ್ತ್, ಜನ ಇಲ್ಲೆ" ಎಂದಳು ಅತ್ತೆ, ಎಲೆಗೆ ಸುಣ್ಣ ಸವರುತ್ತ. ಸೇತುವೆಗಳೂ ಚತುಷ್ಪಥಗಳೂ ರೈಲೂ ನಂಟರನ್ನು ಹತ್ತಿರ ತಂದುವೆಂದು ನಾವು ಸಾಧಾರಣವಾಗಿ ನಂಬಿದ್ದೇವೆ. ಅವು ಹತ್ತಿರ ತಂದದ್ದು ಊರುಗಳನ್ನು. ಯಾವಾಗ ಬೇಕಾದರೂ ಹೋಗಬಹುದೆಂಬ ಸೌಲಭ್ಯ ಒದಗಿದ ಮೇಲೆ, ಈಗಲೇ ಹೋಗಬೇಕೆಂಬ ಒತ್ತಾಯ ಹೊರಟುಹೋಯಿತು. ಬಂದವರೂ ಬೆಳಗಿನ ತಿಂಡಿಗೆ ಬಂದು ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೊಂದು ಊರಿನಲ್ಲಿರುತ್ತಾರೆ. ಅತ್ತೆಯ ಆ ಒಂದು ಮಾತಿಗಾಗಿ ಕೋಟದಲ್ಲಿ ನಾವು ಮೊದಲು ಎಣಿಸಿದ್ದಕ್ಕಿಂತ ಹೆಚ್ಚು ದಿನ ನಿಂತೆವು. ಕುಚ್ಚಲಕ್ಕಿಯ ಗಂಜಿ, ಮಾವಿನ ಹಣ್ಣಿನ ಸಾಸಿವೆ, ಮಧ್ಯಾಹ್ನದ ದೀರ್ಘವಾದ ನಿದ್ದೆ. ಒಂದಿರುಳು ಪಕ್ಕದ ಬಯಲಿನಲ್ಲಿ ಹರಕೆಯಾಟ. ಪತ್ತನಾಜೆ ಸಮೀಪಿಸಿದ್ದರಿಂದ ಮೇಳದವರು ತಿರುಗಾಟದ ಕಡೆಯ ಆಟಗಳನ್ನು ಆಡುತ್ತಿದ್ದರು. ಆರು ತಿಂಗಳ ನಿದ್ದೆಗೆಟ್ಟ ಭಾಗವತರ ಕಂಠದಲ್ಲಿ ದಣಿವಿತ್ತು; ಪದ್ಯ ಏರಿದಾಗ ಆ ದಣಿವೇ ಒಂದು ಬಗೆಯ ಕಸುವಾಗಿ ಕೇಳಿಸಿತು.

ಅಘನಾಶಿನಿಯ ಬೀಗರು

ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ನಡುವೆ ಹೆದ್ದಾರಿಯಷ್ಟೇ ಇರುವ ಮರವಂತೆಯನ್ನು ಅತ್ತೆಯ ಮಗನ ಕಾರಿನಲ್ಲಿ ನೋಡಿ ಹಿಂದಿರುಗಿ, ಕುಂದಾಪುರದಲ್ಲಿ ಕೊಂಕಣ ರೈಲನ್ನು ಹತ್ತಿದೆವು. 1998ರ ಜನವರಿ 26ರಂದು ಈ ಮಾರ್ಗ ಪೂರ್ಣವಾಗಿ ತೆರೆಯುವವರೆಗೆ ಇಲ್ಲಿಂದ ಉತ್ತರಕ್ಕೆ ಹೋಗುವವರು ಬಸ್ಸಿನಲ್ಲಿ ಹೊಳೆಹೊಳೆಯನ್ನೂ ಲೆಕ್ಕ ಹಾಕಬೇಕಾಗಿತ್ತು. ಮುರ್ಡೇಶ್ವರದಲ್ಲಿ ಒಂದು ಹೊತ್ತು ತಂಗಿ, ಮೂರು ಕಡೆ ಕಡಲಿರುವ ಕಂದುಕಗಿರಿಯ ಮೇಲೆ 123 ಅಡಿ ಎತ್ತರದ ಶಿವನನ್ನೂ 237 ಅಡಿಯ ರಾಜಗೋಪುರವನ್ನೂ ನೋಡಿದೆವು. ಗೋಪುರಕ್ಕೆ ಲಿಫ್ಟ್ ಇದ್ದದ್ದರಿಂದ ಕಾಪುವಿನಲ್ಲಿ ಸೋತ ಮೊಣಕಾಲುಗಳು ಇಲ್ಲಿ ತಮ್ಮ ಮಾನ ಉಳಿಸಿಕೊಂಡವು. ಹೊನ್ನಾವರದಲ್ಲಿ ರೈಲು ಶರಾವತಿಯನ್ನು ದಾಟುತ್ತದೆ. ಎರಡು ಕಿಲೋಮೀಟರಿಗೂ ಮಿಗಿಲಾದ, ಈ ಮಾರ್ಗದಲ್ಲೇ ಅತ್ಯಂತ ಉದ್ದವಾದ ಆ ಸೇತುವೆಯ ಮೇಲೆ ಸಾಗುವಾಗ ಡಬ್ಬಿಯಲ್ಲಿ ಮಾತು ತಾನಾಗಿ ತಗ್ಗಿತು. ನನಗೆ ಅತ್ತೆಯ ಲೆಕ್ಕ ನೆನಪಾಯಿತು: ದೋಣಿಯಲ್ಲಾದರೆ ಅರ್ಧ ಹಗಲು, ಈಗ ಎರಡು ಮಾತು ಆಡುವಷ್ಟು ಹೊತ್ತು.

ಮಗಳನ್ನು ಕೊಟ್ಟ ಮನೆ ಕುಮಟಾದ ಬಳಿ, ಅಘನಾಶಿನಿಯ ದಂಡೆಯಿಂದ ತುಸುವೇ ಒಳಗೆ. ಮಗಳೂ ಅಳಿಯನೂ ಬೆಂಗಳೂರಿನಲ್ಲಿರುವುದರಿಂದ, ಅವರಿಲ್ಲದ ಮನೆಯಲ್ಲಿ ಬೀಗರು ಬೀಗರನ್ನೇ ಉಪಚರಿಸುವ ವಿಚಿತ್ರ ಪ್ರಸಂಗವೊದಗಿತು. ಹೆಣ್ಣು ಕೊಟ್ಟ ಮನೆಯಲ್ಲಿ ಹೆಚ್ಚು ದಿನ ಉಳಿಯಲು ನಮ್ಮ ತಂದೆಯವರ ಕಾಲದವರು ಸಂಕೋಚಪಡುತ್ತಿದ್ದರು. ಆ ಸಂಕೋಚದ ಅವಶೇಷ ನಮ್ಮಲ್ಲಿಯೂ ಇತ್ತು. "ಬನ್ನಿ ಬನ್ನಿ, ಕಾಲು ತೊಳ್ಕಳಿ, ಆಸ್ರಿಗೆ ಎಂತ ತರ್ಲಿ?" ಎಂದು ಬೀಗಿತ್ತಿಯವರು ಹಿತ್ತಲ ಬಾವಿಕಟ್ಟೆಗೆ ದಾರಿ ತೋರಿದಾಗ ಅದರಲ್ಲಿ ಅರ್ಧ ಕರಗಿತು; ಊಟದ ಕೊನೆಗೆ ಅಪ್ಪೆಹುಳಿಯನ್ನು ಲೋಟದಲ್ಲಿ ಕೊಟ್ಟಾಗ ಉಳಿದರ್ಧವೂ ಹೋಯಿತು.

ಬೀಗರು ಮಿತಭಾಷಿಗಳು. ನದಿಯ ವಿಷಯ ಬಂದರೆ ಮಾತ್ರ ಬೇರೆ ಮನುಷ್ಯ. ಶಿರಸಿಯ ಶಂಕರಹೊಂಡದಿಂದ ಕಡಲವರೆಗೆ ಎಲ್ಲಿಯೂ ಅಣೆಕಟ್ಟಿಲ್ಲದೆ ಹರಿಯುವ ಹೊಳೆ ಇದು. 2024ರಲ್ಲಿ ಇದರ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಅವರು ನಮ್ಮನ್ನು ದಂಡೆಗೆ ಕರೆದೊಯ್ದರು. ಮೊಣಕಾಲುದ್ದದ ನೀರಿನಲ್ಲಿ ನೂರಾರು ಜನ ಹೆಂಗಸರೂ ಗಂಡಸರೂ ಬಾಗಿ ಬಳಚು ಚಿಪ್ಪುಗಳನ್ನು ಹೆಕ್ಕುತ್ತಿದ್ದರು. ಭರತ ಏರುವುದರೊಳಗೆ ಬುಟ್ಟಿ ತುಂಬಬೇಕು. ದಡದ ಗಜನಿ ಭೂಮಿಯಲ್ಲಿ, ಉಪ್ಪುನೀರು ನುಗ್ಗಿದರೂ ಸಾಯದ ಕಗ್ಗವೆಂಬ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತಾರೆ. ಮೊಳಕೆ ಬಂದ ಬೀಜವನ್ನು ಬಿತ್ತಿದ ಮೇಲೆ ಗೊಬ್ಬರವಿಲ್ಲ, ಔಷಧವಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ತೂಬಿನ ಹಲಗೆ ತೆಗೆದು ಭರತದ ನೀರು ಬಿಟ್ಟರೆ ಸಿಗಡಿ, ಮೀನು. ಒಂದೇ ನೆಲ ಒಂದು ವರ್ಷದಲ್ಲಿ ಗದ್ದೆಯೂ ಆಗಿ ಕಡಲೂ ಆಗುತ್ತದೆ. ಕಟ್ಟೆಗಳ ದುರಸ್ತಿಗೆ ಊರವರೆಲ್ಲ ಕೂಡಬೇಕು. ಕೂಡುವವರು ಕಡಿಮೆಯಾದಲ್ಲಿ ಗಜನಿ ಪಾಳುಬಿದ್ದಿದೆಯೆಂದು ಬೀಗರು ಬೆರಳು ತೋರಿ ಹೇಳಿದರು. ಜನರಿಲ್ಲದ ಸಂಕದ ಬಗೆಗೆ ಕೋಟದಲ್ಲಿ ಕೇಳಿದ ಮಾತು ಇಲ್ಲಿ ಇನ್ನೊಂದು ರೂಪದಲ್ಲಿ ಎದುರಾಯಿತು.

ಮಿರ್ಜಾನಿನ ಕೋಟೆಯನ್ನು ಅವರ ಜೊತೆಗೇ ನೋಡಿದೆವು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ, ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಜಂಬಿಟ್ಟಿಗೆಯ ಗೋಡೆಗಳ ಮೇಲೆ ಹಾವಸೆ ಒಣಗಿ ಕಂದಾಗಿತ್ತು. ಮಳೆ ಬಿದ್ದ ವಾರದಲ್ಲಿ ಅದೆಲ್ಲ ಹಸುರಾಗುತ್ತದಂತೆ. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನವಾದ ಮೇಲೆ, ಓಂ ಆಕಾರದ ಕಡಲತೀರವನ್ನು ಗುಡ್ಡದ ಮೇಲಿಂದಲೇ ನೋಡಿ ತೃಪ್ತರಾಗಿ, ಹೆಚ್ಚಿನ ಹೊತ್ತನ್ನು ಸಾಣಿಕಟ್ಟದ ಉಪ್ಪಿನ ಆಗರಗಳ ಬಳಿ ಕಳೆದೆವು. ಕಟ್ಟಿದ ಪಾತಿಗಳಲ್ಲಿ ನಿಲ್ಲಿಸಿದ ಕಡಲನೀರು ಇಂಗಿ ಉಳಿದ ಉಪ್ಪನ್ನು ಕೆಲಸಗಾರರು ಹಲಗೆಯಿಂದ ಎಳೆದು ರಾಶಿ ಮಾಡುತ್ತಿದ್ದರು. ಮೊದಲ ಮಳೆ ಬಿದ್ದರೆ ರಾಶಿಯೆಲ್ಲ ನೀರು. ನಮ್ಮನ್ನು ಮೈಸೂರಿನಿಂದ ಹೊರಡಿಸಿದ ಗಡುವೇ ಅವರ ತಲೆಯ ಮೇಲೂ ಇತ್ತು. ನಮಗೆ ತಪ್ಪಿದರೆ ಒಂದು ಪ್ರಯಾಣ, ಅವರಿಗೆ ತಪ್ಪಿದರೆ ವರ್ಷದ ಅನ್ನ.

ಕಾಳಿಯ ದಂಡೆ

ಅಂಕೋಲೆಯ ಹೆದ್ದಾರಿಯ ಬದಿಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು, ಕೊರಳ ತುಂಬ ಕರಿಮಣಿಯ ಸರ ಧರಿಸಿ, ಬುಟ್ಟಿಗಳಲ್ಲಿ ಈಶಾಡು ಮಾವಿನ ಹಣ್ಣುಗಳನ್ನಿಟ್ಟುಕೊಂಡು ಕುಳಿತಿದ್ದರು. ತೆಳ್ಳನೆಯ ಸಿಪ್ಪೆ, ನಾರಿಲ್ಲದ ತಿರುಳು; ಕರಿ ಈಶಾಡಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಬಂದಿತು. ಹೆಚ್ಚು ದಿನ ಇಟ್ಟರೆ ಕೆಡುವ ಹಣ್ಣಾದ್ದರಿಂದ ಅದರ ನಿಜವಾದ ರುಚಿ ಬುಟ್ಟಿಯ ಬಳಿಗೆ ಬಂದವರಿಗೇ ಮೀಸಲು. ಇದೇ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಸಾಣಿಕಟ್ಟದ ಪಾತಿಗಳನ್ನು ನೋಡಿ ಬಂದ ಕಣ್ಣಿಗೆ, ಇಂಥ ನೆಲದಲ್ಲಿ ಆ ಸತ್ಯಾಗ್ರಹ ಅಷ್ಟು ತೀವ್ರವಾಗಿ ನಡೆದುದಕ್ಕೆ ಕಾರಣವನ್ನು ಪುಸ್ತಕದಲ್ಲಿ ಹುಡುಕಬೇಕಾಗಿರಲಿಲ್ಲ.

ಕಾರವಾರದಲ್ಲಿರುವವಳು ನನ್ನ ಅಣ್ಣನ ಮಗಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಅವಳು ನಮ್ಮನ್ನು ಕಡಲತೀರಕ್ಕೆ ಕರೆದೊಯ್ದದ್ದು ಬೆಳಗಿನ ಜಾವದಲ್ಲಿ, ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಟ್ಟಿದ್ದ ಎಡೆಗಳನ್ನು ತೋರಿಸುವುದಕ್ಕೆ. ಚಳಿಗಾಲದ ಇರುಳುಗಳಲ್ಲಿ ತಾಯಿ ಆಮೆ ದಡಕ್ಕೆ ಬಂದು ಮರಳು ತೋಡಿ ಮೊಟ್ಟೆಯಿಟ್ಟು ಕಡಲಿಗೆ ಮರಳುತ್ತದೆ; ಒಂದೂವರೆ ಎರಡು ತಿಂಗಳಾದ ಮೇಲೆ ಮರಿಗಳು ತಾವಾಗಿಯೇ ಎದ್ದು ನೀರಿನ ಕಡೆಗೆ ಹರಿಯುತ್ತವೆ. ಅರಣ್ಯ ಇಲಾಖೆಯವರು ಆ ಎಡೆಗಳಿಗೆ ಬಲೆಯ ಬೇಲಿ ಕಟ್ಟಿ ಕಾಯುತ್ತಾರೆ. ನಾವು ಹೋದಾಗ ಮರಿಗಳೆಲ್ಲ ಹೊರಟುಹೋಗಿದ್ದವು. "ನೀವು ಮಾರ್ಚಿನಲ್ಲಿ ಬರಬೇಕಿತ್ತು ಚಿಕ್ಕಪ್ಪ; ಫೋನಿನಲ್ಲಿ ಹೇಳಿದ್ದೆನಲ್ಲ" ಎಂದು ಅವಳು ಮೆಲ್ಲನೆ ಗದರಿದಳು.

ಕಾರವಾರದ ಈ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ, ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥರು, ಇಲ್ಲಿ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ತರುಣ ಕವಿ ಅಣ್ಣನ ಮನೆಯಲ್ಲಿ ಬಂದು ಉಳಿದು, 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದರು. ಬೆಳುದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ಎಷ್ಟೋ ವರ್ಷಗಳ ಮೇಲೆ ತಮ್ಮ ಆತ್ಮಕಥನದಲ್ಲಿ ನೆನೆದರು. ಅವರೂ ಇಲ್ಲಿಗೆ ಬಂದದ್ದು ನೆಂಟರ ಮನೆಗೆ ಎಂಬುದನ್ನು ಗಮನಿಸಿ ನಾನು ಸ್ವಲ್ಪ ಹೆಮ್ಮೆಪಟ್ಟೆ. ಅಣ್ಣನಿಗೆ ವರ್ಗವಾಗಿರದಿದ್ದರೆ ತಮ್ಮನಿಗೆ ಕಾರವಾರವಿಲ್ಲ.

ಅವರು ಕಂಡ ಕಾರವಾರ ಈಗ ಹಾಗೆಯೇ ಉಳಿದಿಲ್ಲ. ದಕ್ಷಿಣದ ಕೊಲ್ಲಿಗಳಲ್ಲಿ 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆ ಕದಂಬ ಹಬ್ಬಿದೆ. ಅದಕ್ಕಾಗಿ ನೆಲ ಬಿಟ್ಟ ಮೀನುಗಾರರು ಬೇರೆ ಊರುಗಳಲ್ಲಿ ನೆಲೆಸಿದ್ದಾರೆ. ಕಾಳಿಯ ಮೇಲೆ ಸದಾಶಿವಗಡದ ಕಡೆಗೆ ಹೋಗುವ ಎರಡು ಸೇತುವೆಗಳಲ್ಲಿ ಹಳೆಯದು 2024ರ ಆಗಸ್ಟ್ 7ರಂದು ನಡುರಾತ್ರಿಯಲ್ಲಿ ಕುಸಿದು, ಮೇಲಿದ್ದ ಲಾರಿ ಹೊಳೆಗೆ ಬಿದ್ದಿತು. ಅದು ಕಟ್ಟಿ ನಾಲ್ಕು ದಶಕ ದಾಟಿತ್ತಷ್ಟೆ. ಅಣ್ಣನ ಮಗಳ ಅತ್ತೆಮಾವಂದಿರ ಮನೆ ಆ ಕಡೆ. ಸೇತುವೆ ಬಿದ್ದ ಬೆಳಗ್ಗೆ ಮೊದಲು ಮಾಡಿದ ಕೆಲಸ, ಆಚೆ ದಡದಲ್ಲಿದ್ದ ಒಬ್ಬೊಬ್ಬರಿಗೂ ಫೋನು ಮಾಡಿ ದನಿ ಕೇಳಿದ್ದು ಎಂದಳು. ಸಂಕವಿದ್ದಾಗ ನೆನಪಾಗದ ಹೊಳೆ, ಸಂಕ ಮುರಿದ ಬೆಳಗ್ಗೆ ಎಲ್ಲರಿಗೂ ನೆನಪಾಯಿತು. ಹೊಳೆಯ ಜೊತೆಗೆ ಆಚೆಯ ದಡದ ಜನರೂ.

ಮರುಭೇಟಿಯ ಋಣ

ಹಿಂದಿರುಗುವಾಗ ಕಾರವಾರದಿಂದ ಬೆಂಗಳೂರಿನ ಇರುಳು ರೈಲು. ಹಿರಿಯ ನಾಗರಿಕರಿಗೆ, ಗಂಡಸರಿಗಾದರೆ ನೂರಕ್ಕೆ 40, ಹೆಂಗಸರಿಗಾದರೆ 50ರಂತೆ ದೊರೆಯುತ್ತಿದ್ದ ರೈಲು ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಆರಂಭವಾಗಲಿಲ್ಲ. ಕೆಳಗಿನ ಬರ್ತ್ ಮಾತ್ರ ವಯಸ್ಸಿನ ಗೌರವಕ್ಕಾಗಿ ದೊರೆಯಿತು. ನನ್ನಂತೆ ಪಿಂಚಣಿಯಲ್ಲಿ ಬಾಳುವವರು ಈ ಲೆಕ್ಕವನ್ನು ಕಡೆಗಣಿಸುವಂತಿಲ್ಲ. ಆದರೆ ನಮ್ಮ ಪ್ರಯಾಣದ ಒಟ್ಟು ಖರ್ಚಿನಲ್ಲಿ ವಸತಿಗೆಂದು ವ್ಯಯವಾದದ್ದು ಏನೂ ಇಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಲಾಡ್ಜಿನಲ್ಲಿ ಕೊಟ್ಟ ಹಣಕ್ಕೆ ರಸೀದಿ ಬರುತ್ತದೆ, ಅಲ್ಲಿಗೆ ಋಣ ತೀರುತ್ತದೆ. ನೆಂಟರ ಮನೆಯಲ್ಲಿ ಉಂಡದ್ದಕ್ಕೆ ರಸೀದಿಯಿಲ್ಲ. ಅದು ತೀರುವುದು ಅವರು ನಮ್ಮ ಮನೆಗೆ ಬಂದು ಅಷ್ಟೇ ದಿನ ಉಂಡಾಗ. ನಂಟಸ್ತಿಕೆಯೆಂಬುದು ಈ ತೀರದ ಬಾಕಿಯ ಮೇಲೆಯೇ ನಿಂತ ವ್ಯವಸ್ಥೆ. ಬ್ಯಾಂಕಿನಲ್ಲಿ ಬಾಕಿಯನ್ನು ವಸೂಲು ಮಾಡಿಯೇ ಆಯುಷ್ಯ ಕಳೆದ ನನಗೆ, ಬಾಕಿ ಉಳಿಯಲಿ ಎಂದು ಹಾರೈಸುವ ಒಂದೇ ಖಾತೆ ಇದು.

ಆದ್ದರಿಂದ ಹೊರಡುವಾಗ ಪ್ರತಿಯೊಂದು ಮನೆಯಲ್ಲಿಯೂ ನನ್ನ ಮನೆಯಾಕೆ ಒಂದೇ ಮಾತನ್ನು ಹೇಳಿ ಬಂದಿದ್ದಾಳೆ: "ದಸರೆಗೆ ಬನ್ನಿ." ನಾದಿನಿಯೂ ಷಡ್ಡಕರೂ ಬರುವುದು ನಿಶ್ಚಯ, ಬೀಗರು ಕಟ್ಟೆಯ ಕೆಲಸ ಮುಗಿದರೆ ಬರುತ್ತಾರೆ, ಅಣ್ಣನ ಮಗಳಿಗೆ ಕಾಲೇಜಿನ ರಜೆ ಒದಗಬೇಕು. ಅತ್ತೆ ಮಾತ್ರ ಘಟ್ಟ ಹತ್ತಲಾರೆನೆಂದಳು. ಆಕೆಯ ಪಾಲಿನ ಬಾಕಿಯನ್ನು ತೀರಿಸಲು ಬರುವ ಬೇಸಗೆಯಲ್ಲಿ ನಾವೇ ಹೋಗತಕ್ಕದ್ದೆಂದು ತೀರ್ಮಾನವಾಗಿದೆ. ಈ ನಡುವೆ ಅಟ್ಟದ ಮೇಲಿನ ಹಾಸಿಗೆಗಳ ಹತ್ತಿಯನ್ನು ಮಳೆ ಹಿಡಿಯುವ ಮೊದಲೇ ಹಿಂಜಿಸಿ ಹೊಲಿಸಿಡಬೇಕೆಂದು ನನಗೆ ಆಜ್ಞೆಯಾಗಿದೆ. ಹಿಂಜುವವನು ಈಗ ನಮ್ಮ ಬೀದಿಗೆ ಬರುವುದಿಲ್ಲವಾದ್ದರಿಂದ ನಾಳೆ ಬೆಳಗ್ಗೆ ದೇವರಾಜ ಮಾರುಕಟ್ಟೆಯ ಕಡೆ ಹೋಗಿ ವಿಚಾರಿಸಬೇಕು.